ಗೂಡಿನ ಅಂಚಿನ ಮೊಟ್ಟೆ: ಕರಿ ರಾಬಿನ್ ಕಥೆಯ ಮರುಪರಿಶೀಲನೆ

ವನ್ಯಜೀವಿ ಸಪ್ತಾಹದ ಭಾಷಣಗಳಲ್ಲಿ, ಪರಿಸರ ಶಿಬಿರಗಳಲ್ಲಿ ನೀವು ಈ ಕಥೆಯನ್ನು ಕೇಳಿರಬಹುದು. ದೂರದ ಒಂದು ದ್ವೀಪದಲ್ಲಿ ಕೇವಲ ಐದು ಹಕ್ಕಿಗಳು ಉಳಿದಿದ್ದವು. ಅವುಗಳಲ್ಲಿ ಮೊಟ್ಟೆಯಿಟ್ಟು ಮರಿ ಮಾಡಬಲ್ಲ ಹೆಣ್ಣು ಒಂದೇ ಒಂದು. ಆ ಮುದಿ ಹೆಣ್ಣು ತನ್ನ ಕುಲವನ್ನೇ ಉಳಿಸಿತು. ಇಂದು ಜೀವಂತ ಇರುವ ಆ ಪ್ರಭೇದದ ಪ್ರತಿಯೊಂದು ಹಕ್ಕಿಯೂ ಅದರ ಸಂತತಿ. ಕಥೆ ಇಲ್ಲಿಗೆ ಮುಗಿಯುತ್ತದೆ, ಸಭಿಕರು ಚಪ್ಪಾಳೆ ತಟ್ಟುತ್ತಾರೆ.

ಈ ಲೇಖಕನೂ ಹಲವು ವರ್ಷ ತರಗತಿಯಲ್ಲಿ ಇದನ್ನು ಹೀಗೆಯೇ ಹೇಳಿದ್ದಾನೆ. ಒಮ್ಮೆ ಅಧ್ಯಾಪಕರ ತರಬೇತಿ ಶಿಬಿರವೊಂದರಲ್ಲಿ ಕಥೆ ಮುಗಿಸಿದಾಗ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು: "ಒಂದು ಜೋಡಿ ಸಾಕು ಎಂದಾದರೆ ನಾವೇಕೆ ಸಾವಿರ ಹಕ್ಕಿ ಉಳಿಸಬೇಕೆಂದು ಮಕ್ಕಳಿಗೆ ಹೇಳುತ್ತೇವೆ, ಸಾರ್?" ಉತ್ತರ ಹೇಳಲು ತಡಕಾಡಬೇಕಾಯಿತು. ಕಥೆಯಲ್ಲಿ ಹೇಳಿದ ಸಂಗತಿಗಳಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಕಥೆಯನ್ನು ನಿಲ್ಲಿಸಿದ ಜಾಗ ಸರಿಯಿರಲಿಲ್ಲ. ಬನ್ನಿ, ಅದನ್ನು ಮತ್ತೊಮ್ಮೆ, ಕೈಯಲ್ಲಿ ಪೆನ್ಸಿಲ್ ಹಿಡಿದು ಓದೋಣ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳುವುದು ಒಳ್ಳೆಯದು. ಈ ಹಕ್ಕಿ ಕರಿ ರಾಬಿನ್. ವೈಜ್ಞಾನಿಕ ಹೆಸರು ಪೆಟ್ರೋಯಿಕ ಟ್ರಾವರ್ಸೈ. ರಾಬಿನ್ ಎಂದ ಕೂಡಲೇ ಕೆಲವರು ಇದನ್ನು ಕನ್ನಡದಲ್ಲಿ 'ಕರಿ ಮಡಿವಾಳ' ಎಂದು ಬರೆಯುತ್ತಾರೆ. ಅದು ತಪ್ಪು. ನಮ್ಮ ಹಿತ್ತಿಲಿನ ಮಡಿವಾಳ ಹಕ್ಕಿಗೂ ಇದಕ್ಕೂ ಹತ್ತಿರದ ನಂಟಿಲ್ಲ. ಇದು ಆಸ್ಟ್ರೇಲಿಯ, ನ್ಯೂಗಿನಿ ಮತ್ತು ಪೆಸಿಫಿಕ್ ದ್ವೀಪಗಳ ಪ್ರತ್ಯೇಕ ಕುಟುಂಬಕ್ಕೆ ಸೇರಿದ್ದು. ಊರು ಬಿಟ್ಟು ಬಂದ ಇಂಗ್ಲಿಷರು ತಮ್ಮ ನಾಡಿನ ಹಕ್ಕಿಯ ಹೆಸರನ್ನು ಕಂಡಕಂಡ ಪುಟ್ಟ ಹಕ್ಕಿಗಳಿಗೆಲ್ಲ ಇಟ್ಟುಬಿಟ್ಟರು, ಅಷ್ಟೆ. (ನಮ್ಮ ಮಡಿವಾಳದ ನಿಜವಾದ ದಾಯಾದಿ ಒಂದು ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಗಳಲ್ಲಿದೆ. ಅದೂ ಹೀಗೆಯೇ ಒಂದೇ ದ್ವೀಪದ ಕೆಲವೇ ಹಕ್ಕಿಗಳಿಗೆ ಇಳಿದು ಚೇತರಿಸಿಕೊಂಡದ್ದು. ಅದರ ಮಾತು ಇನ್ನೊಮ್ಮೆ.)

ಕರಿ ರಾಬಿನ್ ಇರುವುದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದಿಂದ ಸುಮಾರು 800 ಕಿಲೋಮೀಟರು ಪೂರ್ವಕ್ಕೆ, ಚಾಥಮ್ ದ್ವೀಪಸಮೂಹದಲ್ಲಿ. ಗುಬ್ಬಚ್ಚಿ ಗಾತ್ರ, ಕೊಕ್ಕಿನಿಂದ ಕಾಲಿನವರೆಗೆ ಕಪ್ಪು, ತೂಕ 25 ಗ್ರಾಮಿನ ಆಸುಪಾಸು. ಕಾಡಿನ ಕೆಳಗಿನ ಕೊಂಬೆಗಳಲ್ಲಿ ಕುಳಿತು, ನೆಲಕ್ಕಿಳಿದು, ಒಣಗಿದೆಲೆಗಳ ನಡುವೆ ಹುಳುಹುಪ್ಪಟೆ ಹೆಕ್ಕುವುದು ಅದರ ಜೀವನಕ್ರಮ. ಬೆಕ್ಕು, ಇಲಿಗಳಂತಹ ಬೇಟೆಗಾರರಿಲ್ಲದ ನಾಡಿನಲ್ಲಿ ವಿಕಾಸಗೊಂಡ ಹಕ್ಕಿಗೆ ನೆಲವೆಂದರೆ ಭಯವಿಲ್ಲ. ದೂರ ಹಾರುವ ಅಗತ್ಯವೂ ಇರಲಿಲ್ಲ, ಶಕ್ತಿಯೂ ಇಲ್ಲ. ವರ್ಷಕ್ಕೊಮ್ಮೆ ಸಾಮಾನ್ಯವಾಗಿ ಎರಡು ಮೊಟ್ಟೆ. ನಿಧಾನ ಬದುಕಿನ ಇಂತಹ ಜೀವಿಯ ನಡುವೆ ಬೆಕ್ಕು ಬಂದಿಳಿದರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ.

ಬಂದಿಳಿದದ್ದು ಹಾಗೆಯೇ. ಜನರ ಜೊತೆಗೆ ಇಲಿ, ಬೆಕ್ಕು, ಕುರಿಗಳು ಬಂದವು. ಕಾಡು ಹುಲ್ಲುಗಾವಲಾಯಿತು. ಮಾಂಗೆರೆ ಎಂಬ ದ್ವೀಪದಲ್ಲಿ 1871ರಲ್ಲಿ ಸಂಗ್ರಹಕಾರ ಹೆನ್ರಿ ಟ್ರಾವರ್ಸ್ ಈ ಹಕ್ಕಿಯನ್ನು ಹಿಡಿದಿದ್ದರು. ಪ್ರಭೇದದ ಹೆಸರಿನಲ್ಲಿ ಅವರ ಹೆಸರಿದೆ. ಮುಂದೆ ಆ ದ್ವೀಪದಲ್ಲೂ ಹಕ್ಕಿ ಕಾಣದಾಯಿತು. 1938ರಲ್ಲಿ ಚಾರ್ಲ್ಸ್ ಫ್ಲೆಮಿಂಗ್ ಮತ್ತು ಸಂಗಡಿಗರು ಪಕ್ಕದ ಕಡಿದಾದ ಬಂಡೆ ದ್ವೀಪವಾದ ಲಿಟ್ಲ್ ಮಾಂಗೆರೆಯನ್ನು ಹತ್ತಿದಾಗ, ಮೇಲಿನ ಚಿಕ್ಕ ಕುರುಚಲು ಕಾಡಿನಲ್ಲಿ ಅದು ಮತ್ತೆ ಸಿಕ್ಕಿತು. ಇಡೀ ಪ್ರಭೇದ ಕೆಲವೇ ಹೆಕ್ಟೇರುಗಳಲ್ಲಿ ಉಳಿದುಕೊಂಡಿತ್ತು. ಆ ಕಾಡೂ ಹದಗೆಡುತ್ತಾ ಹೋಯಿತು. 1972ರಲ್ಲಿ 18 ಹಕ್ಕಿಗಳು, 1976ರಲ್ಲಿ ಏಳು.

ಆ ಏಳನ್ನೂ 1976–77ರಲ್ಲಿ ಹಿಡಿದು, ಬಂಡೆಯಿಂದ ಕೆಳಗಿಳಿಸಿ, ಮಾಂಗೆರೆಗೆ ಸಾಗಿಸಲಾಯಿತು. ನ್ಯೂಜಿಲೆಂಡಿನ ವನ್ಯಜೀವಿ ಇಲಾಖೆಯ ಡಾನ್ ಮರ್ಟನ್ ಈ ಕೆಲಸದ ಮುಂದಾಳು. ಅವರಿಗೆ ಇಂತಹ ಧೈರ್ಯ ಎಲ್ಲಿಂದ ಬಂತೆಂದು ನಮ್ಮ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. 1964ರಲ್ಲಿ ನ್ಯೂಜಿಲೆಂಡಿನ ದಕ್ಷಿಣ ತುದಿಯ ಬಿಗ್ ಸೌತ್ ಕೇಪ್ ದ್ವೀಪಕ್ಕೆ ಹಡಗಿಲಿಗಳು ನುಗ್ಗಿದಾಗ ಹಕ್ಕಿಗಳನ್ನು ಸಾಗಿಸಲು ಹೋದ ತಂಡದಲ್ಲಿ ಯುವಕ ಮರ್ಟನ್ ಇದ್ದರು. 36 ಸ್ಯಾಡಲ್‌ಬ್ಯಾಕ್ ಹಕ್ಕಿಗಳನ್ನು ಬೇರೆ ದ್ವೀಪಗಳಿಗೆ ಒಯ್ದದ್ದರಿಂದ ಆ ಪ್ರಭೇದ ಉಳಿಯಿತು. ಪೊದೆಯ ರೆನ್ ಎಂಬ ಇನ್ನೊಂದು ಪುಟ್ಟ ಹಕ್ಕಿಯನ್ನೂ ಒಯ್ದಿದ್ದರು. ಅದು ಬದುಕಲಿಲ್ಲ, ಇಂದು ಜಗತ್ತಿನಲ್ಲಿ ಇಲ್ಲ. ಎಂದರೆ ಮರ್ಟನ್ 1976ರಲ್ಲಿ ಏಳು ಹಕ್ಕಿಗಳಿಗೆ ಕೈಹಾಕಿದಾಗ, ಇದು ಕೈಕೊಡಬಹುದು ಎಂಬುದನ್ನು ಕಣ್ಣಾರೆ ಕಂಡಿದ್ದ ಮನುಷ್ಯ. ಮುದಿ ಹೆಣ್ಣಿನ ಸಾಹಸದ ಕಥೆ ಈ ಹಿಂದಿನ ಸೋಲನ್ನು ಮುಚ್ಚಿಡುತ್ತದೆ.

ಮಾಂಗೆರೆಯಲ್ಲಿ ಅಷ್ಟು ಹೊತ್ತಿಗೆ ಬೆಕ್ಕುಗಳು ಇಲ್ಲವಾಗಿದ್ದವು, ಕುರಿಗಳನ್ನು ತೆಗೆಯಲಾಗಿತ್ತು, ಸುಮಾರು 1,20,000 ಗಿಡಗಳನ್ನು ನೆಡುವ ಕೆಲಸವೂ ನಡೆದಿತ್ತು. ಈ ಗಿಡಗಳ ಮಾತು ಕಥೆಯಲ್ಲಿ ಬಂದರೂ ಒಂದು ಸಾಲಿನಲ್ಲಿ ಹಾದುಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚು ಹೊತ್ತು ಹೇಳಬೇಕಾದದ್ದು ಅದನ್ನೇ. ಒಣಗಿದೆಲೆಯಿಲ್ಲದೆ ಹುಳುವಿಲ್ಲ, ಹುಳುವಿಲ್ಲದೆ ರಾಬಿನ್ ಇಲ್ಲ. ಆದರೆ ನೆಟ್ಟ ಸಸಿ ಕಾಡಾಗಲು ವರ್ಷಗಳೇ ಬೇಕು, ಹಕ್ಕಿಗಳಿಗೆ ಅಷ್ಟು ಸಮಯವಿರಲಿಲ್ಲ. 1980ರ ಹೊತ್ತಿಗೆ ಉಳಿದದ್ದು ಐದು. ಸಂತಾನ ನೀಡುತ್ತಿದ್ದ ಜೋಡಿ ಒಂದೇ. ಕಾಲಿಗೆ ಹಾಕಿದ್ದ ಬಣ್ಣದ ಉಂಗುರಗಳಿಂದಾಗಿ ಹೆಣ್ಣಿಗೆ 'ಓಲ್ಡ್ ಬ್ಲೂ', ಗಂಡಿಗೆ 'ಓಲ್ಡ್ ಯೆಲ್ಲೊ' ಎಂದು ಹೆಸರು. ಈ ಹಕ್ಕಿಗಳು ಸಾಮಾನ್ಯವಾಗಿ ನಾಲ್ಕಾರು ವರ್ಷ ಬದುಕುವಂಥವು. ಓಲ್ಡ್ ಬ್ಲೂ 13 ವರ್ಷದಷ್ಟು ಬದುಕಿತು, ಇಳಿವಯಸ್ಸಿನಲ್ಲಿ ಮರಿ ಮಾಡಿತು. ಅದೃಷ್ಟ ಎನ್ನುವ ಪದವನ್ನು ವಿಜ್ಞಾನದ ಲೇಖನದಲ್ಲಿ ಬಳಸಲು ಹಿಂಜರಿಯಬೇಕಿಲ್ಲ; ಇಲ್ಲಿ ಅದೇ ಸರಿಯಾದ ಪದ.

ಮುಂದಿನ ಹೆಜ್ಜೆ ಸಾಕುತಾಯಿಯ ಪ್ರಯೋಗ. ರಾಬಿನ್ ಮೊದಲು ಇಟ್ಟ ಮೊಟ್ಟೆಗಳನ್ನು ಎತ್ತಿ ಬೇರೆ ಹಕ್ಕಿಯ ಗೂಡಿನಲ್ಲಿಟ್ಟರೆ, ರಾಬಿನ್ ಮತ್ತೆ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಒಂದೇ ಋತುವಿನಲ್ಲಿ ಎರಡು ಫಸಲು. ಮೊದಲು ಆರಿಸಿಕೊಂಡದ್ದು ಚಾಥಮ್ ಉಲಿಯಕ್ಕಿಯನ್ನು. ಅದು ಕಾವು ಕೊಟ್ಟಿತು, ಮರಿಯೂ ಹೊರಬಂತು. ಆದರೆ ಬೆಳೆಯುವ ರಾಬಿನ್ ಮರಿಗೆ ಬೇಕಾದಷ್ಟು ಆಹಾರವನ್ನು ಆ ಪುಟ್ಟ ಹಕ್ಕಿ ಒದಗಿಸಲಾರದೆ ಹೋಯಿತು. ಬಳಿಕ ರಂಗಟೀರಾ ದ್ವೀಪದ ಟಾಮ್‌ಟಿಟ್ ಹಕ್ಕಿಗಳ ಗೂಡಿಗೆ ಮೊಟ್ಟೆಗಳನ್ನು ಸಮುದ್ರ ದಾಟಿಸಿ ಒಯ್ದರು. ಟಾಮ್‌ಟಿಟ್ ರಾಬಿನ್‌ನ ಜಾತಿಯದೇ ಇನ್ನೊಂದು ಪ್ರಭೇದ. ಇಲ್ಲಿ ಪ್ರಯೋಗ ಗೆದ್ದಿತು.

ಈ ಭಾಗವನ್ನು ಹೇಳುವಾಗ ನಮ್ಮಲ್ಲಿ ಎಲ್ಲರೂ ಬಳಸುವ ಹೋಲಿಕೆ ಒಂದಿದೆ: "ಕಾಗೆಯ ಗೂಡಿನಲ್ಲಿ ಕೋಗಿಲೆಯ ಮೊಟ್ಟೆ ಇದ್ದ ಹಾಗೆ." ಮಕ್ಕಳಿಗೆ ಥಟ್ಟನೆ ಅರ್ಥವಾಗುತ್ತದೆ, ನಿಜ. ಆದರೆ ಅರ್ಥವಾಗುವುದು ತಪ್ಪು ಸಂಗತಿ. ಕೋಗಿಲೆಯ ಮರಿ ಕಾಗೆಯ ಗೂಡಿನಲ್ಲಿ ಬೆಳೆದರೂ 'ಕಾ ಕಾ' ಎನ್ನುತ್ತಾ ಕಾಗೆಯನ್ನು ಮದುವೆಯಾಗಲು ಹೋಗುವುದಿಲ್ಲ. ಲಕ್ಷಾಂತರ ವರ್ಷಗಳ ಆಯ್ಕೆ ಅದರ ಕೂಗನ್ನೂ ಸಂಗಾತಿಯ ಗುರುತನ್ನೂ ಸಾಕುತಾಯಿಯಿಂದ ಬಿಡುಗಡೆ ಮಾಡಿದೆ. ರಾಬಿನ್‌ಗೆ ಅಂತಹ ಸಿದ್ಧತೆ ಇಲ್ಲ. ಅದು ಹಾಡುಹಕ್ಕಿ, ಹಾಡನ್ನು ಸುತ್ತಲಿನವರಿಂದ ಕಲಿಯುತ್ತದೆ, ತನ್ನವರು ಯಾರೆಂಬುದನ್ನೂ ಗೂಡಿನಲ್ಲೇ ಕಲಿಯುತ್ತದೆ. ಟಾಮ್‌ಟಿಟ್ ಗೂಡಿನಲ್ಲೇ ಪೂರ್ತಿ ಬೆಳೆದ ರಾಬಿನ್‌ಗಳು ಟಾಮ್‌ಟಿಟ್‌ನಂತೆ ಹಾಡಿದವು, ಟಾಮ್‌ಟಿಟ್ ಜೊತೆ ಜೋಡಿಯಾದವು, ಮಿಶ್ರತಳಿಯ ಮರಿಗಳೂ ಹುಟ್ಟಿದವು. ಹಕ್ಕಿಗಳ ಸಂಖ್ಯೆ ಏರುತ್ತಿದ್ದರೂ ಪ್ರಭೇದ ಇನ್ನೊಂದು ದಾರಿಯಿಂದ ಕೈತಪ್ಪುತ್ತಿತ್ತು. ಆಮೇಲೆ ಕ್ರಮ ಬದಲಾಯಿತು: ಮರಿ ಗೂಡು ಬಿಡುವ ಮುನ್ನವೇ ಅದನ್ನು ಮರಳಿ ರಾಬಿನ್ ಗೂಡಿಗೆ ಸೇರಿಸಲಾಯಿತು. ಆದ್ದರಿಂದ ಕೋಗಿಲೆಯ ಹೋಲಿಕೆಯನ್ನು ಕೈಬಿಡಬೇಕಿಲ್ಲ. ಅದನ್ನು ಹೇಳಿ, ಎಲ್ಲಿ ಮುರಿಯುತ್ತದೆಂದು ಮಕ್ಕಳನ್ನೇ ಕೇಳಿ. ಒಳ್ಳೆಯ ಅರ್ಧ ಗಂಟೆಯ ಪಾಠವಾಗುತ್ತದೆ.

ಈಗ ಶೀರ್ಷಿಕೆಯ ವಿಷಯಕ್ಕೆ ಬರೋಣ. ಸಂಖ್ಯೆ ಏರತೊಡಗಿದ ವರ್ಷಗಳಲ್ಲಿ ಕೆಲವು ಹೆಣ್ಣುಗಳು ವಿಚಿತ್ರವಾಗಿ ನಡೆದುಕೊಂಡವು: ಮೊಟ್ಟೆಯನ್ನು ಗೂಡಿನ ಬಟ್ಟಲಿನೊಳಗೆ ಇಡುವ ಬದಲು ಗೂಡಿನ ಅಂಚಿನ ಮೇಲೆ ಇಟ್ಟವು. ಹಾಗೆಯೇ ಬಿಟ್ಟ ಅಂಚಿನ ಮೊಟ್ಟೆ ಒಂದೂ ಒಡೆದು ಮರಿಯಾಗಲಿಲ್ಲ. ಕಾರ್ಯಕರ್ತರು ಏನು ಮಾಡಿದರು? ನೀವಾಗಲಿ ನಾನಾಗಲಿ ಮಾಡುತ್ತಿದ್ದುದನ್ನೇ. ಬೆರಳಿನಿಂದ ಮೊಟ್ಟೆಯನ್ನು ಒಳಗೆ ಸರಿಸಿದರು. ಮರಿಗಳು ಹುಟ್ಟಿದವು. 1989ರಲ್ಲಿ ಹಕ್ಕಿಗಳ ಸಂಖ್ಯೆ ನೂರರ ಮಟ್ಟ ಮುಟ್ಟಿದಾಗ ನೋಡಿದರೆ, ಹೆಣ್ಣುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಂಚಿನಲ್ಲಿ ಮೊಟ್ಟೆಯಿಡುತ್ತಿದ್ದವು.

2013ರಲ್ಲಿ 'ಪ್ಲಾಸ್ ಒನ್' ಪತ್ರಿಕೆಯಲ್ಲಿ ಮೆಲಾನಿ ಮಸಾರೊ ಮತ್ತು ಸಂಗಡಿಗರು ಈ ಬಗ್ಗೆ ಪ್ರಬಂಧ ಪ್ರಕಟಿಸಿದರು. ಪ್ರತಿ ಹಕ್ಕಿಗೂ ಕಾಲುಂಗುರವಿದ್ದುದರಿಂದ ಇಡೀ ಪ್ರಭೇದದ ವಂಶಾವಳಿಯೇ ಅವರ ಕೈಯಲ್ಲಿತ್ತು. ಆ ವಂಶಾವಳಿಗೆ ಬೇರೆ ಬೇರೆ ಆನುವಂಶಿಕ ಮಾದರಿಗಳನ್ನು ಹೊಂದಿಸಿ ನೋಡಿದಾಗ, ಈ ನಡವಳಿಕೆ ಒಂದೇ ಜೀನಿನ ಪ್ರಬಲ ಗುಣದಂತೆ ಹರಿದು ಬಂದಿದೆ ಎಂಬ ಮಾದರಿಯೇ ಹೆಚ್ಚು ಸರಿಹೊಂದಿತು. ಇಂತಹ ಸಹಾಯ ಮುಂದುವರಿದರೆ, ಮನುಷ್ಯನ ಕೈಯಿಲ್ಲದೆ ಸಂತಾನವನ್ನೇ ಪಡೆಯಲಾರದ ಪ್ರಭೇದ ಉಂಟಾಗಬಹುದು ಎಂಬುದು ಅವರ ಎಚ್ಚರಿಕೆ. ಪ್ರಬಂಧದ ಶೀರ್ಷಿಕೆಯೇ ಈ ದೋಷಯುತ ನಡವಳಿಕೆ ಮನುಷ್ಯರ ನೆರವಿನಿಂದ ಹರಡಿತು ಎಂದು ಹೇಳುತ್ತದೆ. ಲೇಖಕರ ಪಟ್ಟಿಯಲ್ಲಿ ಡಾನ್ ಮರ್ಟನ್ ಹೆಸರೂ ಇದೆ. ಅವರು 2011ರಲ್ಲೇ ತೀರಿಕೊಂಡಿದ್ದರು. ತನ್ನ ಜೀವಮಾನದ ಗೆಲುವಿನೊಳಗಿದ್ದ ತಪ್ಪನ್ನು ತೋರಿಸುವ ಪ್ರಬಂಧದಲ್ಲಿ ಅವರೂ ಒಬ್ಬ ಲೇಖಕರು.

ಪ್ರಬಂಧವನ್ನು ಮೆಚ್ಚುತ್ತಲೇ ಒಂದೆರಡು ಮಾತು ಹೇಳಬೇಕು. ಒಂದು, ಇಲ್ಲಿ ಜೀನನ್ನು ಯಾರೂ ಕೈಯಲ್ಲಿ ಹಿಡಿದು ತೋರಿಸಿಲ್ಲ, ವಂಶಾವಳಿಯಿಂದ ಅನುಮಾನಿಸಿದ್ದಾರೆ. ಅದು ದೋಷವಲ್ಲ, ಮೆಂಡೆಲ್ ಮಾಡಿದ್ದೂ ಅದನ್ನೇ. ಆದರೆ ತರಗತಿಯಲ್ಲಿ "ಅಂಚಿನ ಮೊಟ್ಟೆಯ ಜೀನು ಪತ್ತೆಯಾಗಿದೆ" ಎಂದು ಹೇಳಿಬಿಡಬೇಡಿ.

ಎರಡನೆಯದು ಹೆಚ್ಚು ಮುಖ್ಯ. ಬೆರಳಿನಿಂದ ಮೊಟ್ಟೆ ಸರಿಸಿದ್ದರಿಂದ ಆ ಗುಣ 'ಹರಡಿತು' ಎನ್ನುವಾಗ ನಮಗೆ ಅನ್ನಿಸುವುದು, ಸಹಾಯವೇ ಅದನ್ನು ಮೇಲಕ್ಕೆ ತಳ್ಳಿತೆಂದು. ಕಪ್ಪು ಹಲಗೆಯ ಮೇಲೆ ಲೆಕ್ಕ ಮಾಡಿ ನೋಡೋಣ. ಮೂಲ ಜೋಡಿಯಲ್ಲಿ ಆ ಜೀನಿನ ಪ್ರತಿಗಳು ಒಟ್ಟು ನಾಲ್ಕು: ಹೆಣ್ಣಿನಲ್ಲಿ ಎರಡು, ಗಂಡಿನಲ್ಲಿ ಎರಡು. ನಾಲ್ಕರಲ್ಲಿ ಒಂದೇ ಒಂದು ಪ್ರತಿ ಅಂಚಿನ ಗುಣದ್ದು ಎಂದಿಟ್ಟುಕೊಳ್ಳಿ. ಆಗ ಅದರ ಪ್ರಮಾಣ ಕಾಲು ಭಾಗ. ಗುಣಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ, ಕೂಡಿಕೆ ಯಾದೃಚ್ಛಿಕ ಎಂದಾದರೆ, ಆ ಪ್ರತಿ ಒಂದೂ ಇಲ್ಲದ ಹಕ್ಕಿಗಳ ಪಾಲು ಮುಕ್ಕಾಲರ ವರ್ಗ, ಎಂದರೆ 16ರಲ್ಲಿ 9. ಉಳಿದ 16ರಲ್ಲಿ 7 ಪಾಲು, ಶೇಕಡಾ 44ರಷ್ಟು ಹೆಣ್ಣುಗಳು ಅಂಚಿನಲ್ಲಿ ಮೊಟ್ಟೆಯಿಡುತ್ತವೆ. ನೋಡಿದಿರಾ? ಯಾರ ಬೆರಳೂ ಮೇಲಕ್ಕೆ ತಳ್ಳದೆಯೇ ಅರ್ಧದ ಹತ್ತಿರ ಬಂದೆವು. ಅಷ್ಟು ಚಿಕ್ಕ ಸಂಖ್ಯೆಯಲ್ಲಿ ಯದ್ವಾತದ್ವಾ ಏರಿಳಿತ ಸಹಜ. ಅರ್ಧ ದಾಟುವುದು ಆಶ್ಚರ್ಯವಲ್ಲ. ಎಂದರೆ ಈ ನಡವಳಿಕೆಯ ಪ್ರಮಾಣವನ್ನು ಎತ್ತರಕ್ಕೇರಿಸಿದ್ದರಲ್ಲಿ ದೊಡ್ಡ ಪಾಲು ಒಂದೇ ಜೋಡಿಗೆ ಇಳಿದ ಆ ಇಕ್ಕಟ್ಟಿನದು. ಮನುಷ್ಯರ ಬೆರಳು ಮಾಡಿದ್ದು ನಿಸರ್ಗದ ಬ್ರೇಕನ್ನು ಸಡಿಲಿಸಿದ ಕೆಲಸ.

ಆ ಬ್ರೇಕ್ ಎಷ್ಟು ಬಿಗಿ? ಸಹಾಯವಿಲ್ಲದಿದ್ದರೆ ಅಂಚಿನಲ್ಲಿಡುವ ಹೆಣ್ಣಿಗೆ ಮರಿಯೇ ಇಲ್ಲ ಎಂದು ಭಾವಿಸಿ. ಆದರೆ ಗಂಡು ಮೊಟ್ಟೆಯಿಡುವುದಿಲ್ಲವಲ್ಲ! ಆ ಜೀನು ಅದರಲ್ಲಿದ್ದರೂ ಕಾಣುವುದಿಲ್ಲ, ಮಕ್ಕಳಿಗೆ ದಾಟುತ್ತದೆ. ಜೀನು ವಿರಳವಾಗಿದ್ದಾಗ ಹೆಣ್ಣಿನ ಕಡೆಯಿಂದ ಸೊನ್ನೆ, ಗಂಡಿನ ಕಡೆಯಿಂದ ಪೂರ್ತಿ. ಆದ್ದರಿಂದ ಪ್ರತಿ ಪೀಳಿಗೆಗೂ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. 1989ರ ಬಳಿಕ ನಿಕಟ ನೆರವು ನಿಂತಾಗ ಆದದ್ದೂ ಇದೇ ದಿಕ್ಕಿನಲ್ಲಿ: ಅಂಚಿನಲ್ಲಿಡುವ ಹೆಣ್ಣುಗಳ ಪಾಲು ಬಹಳ ಕಡಿಮೆಯಾಗಿದೆಯೆಂದು ಅದೇ ಪ್ರಬಂಧ ತೋರಿಸುತ್ತದೆ.

ಹಾಗಾದರೆ ಮೊಟ್ಟೆ ಸರಿಸಿದ್ದು ತಪ್ಪೇ? ಹಕ್ಕಿಗಳನ್ನು ಬೆರಳುಗಳ ಮೇಲೆ ಎಣಿಸಬಹುದಾಗಿದ್ದ ಕಾಲದಲ್ಲಿ ಒಂದು ಮೊಟ್ಟೆ ಬಿಟ್ಟುಕೊಡುವುದೆಂದರೆ ಪ್ರಭೇದದ ಒಂದು ದೊಡ್ಡ ಪಾಲನ್ನೇ ಬಿಟ್ಟುಕೊಟ್ಟಂತೆ. ಆಗ ಸರಿಸಿದ್ದು ಸರಿ ಎಂದೇ ನನ್ನ ತೀರ್ಮಾನ. ವಿಮರ್ಶೆಯ ಪ್ರಶ್ನೆ ಇರುವುದು ಸಹಾಯವನ್ನು ಯಾವಾಗ ನಿಲ್ಲಿಸಬೇಕೆಂಬುದರಲ್ಲಿ. ಎಷ್ಟು ಹಕ್ಕಿಗಳಾದ ಮೇಲೆ ಅಂಚಿನ ಮೊಟ್ಟೆಯನ್ನು ನೋಡಿಯೂ ಕೈಕಟ್ಟಿ ನಿಲ್ಲಬಹುದು? ಐವತ್ತಕ್ಕೆ? ನೂರಕ್ಕೆ? ನಿಮ್ಮ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಕೊಡಿ. ಕರುಣೆಯುಳ್ಳ ಮಕ್ಕಳಿಗೆ ಅದು ಬಹಳ ಕಷ್ಟದ ಪ್ರಶ್ನೆ.

ಮತ್ತೆ ಆ ಹಿಂದಿನ ಸಾಲಿನ ಪ್ರಶ್ನೆ: ಒಂದು ಜೋಡಿ ಸಾಕೆ? 1997ರಲ್ಲಿ ಆರ್ಡರ್ನ್ ಮತ್ತು ಲ್ಯಾಂಬರ್ಟ್ ಎಂಬ ಇಬ್ಬರು ವಿಜ್ಞಾನಿಗಳು ಕರಿ ರಾಬಿನ್‌ನ ಆನುವಂಶಿಕ ವೈವಿಧ್ಯ ಅತ್ಯಂತ ಕಡಿಮೆಯೆಂದು ತೋರಿಸಿದರು. ಆದರೂ ಇರುವ ಪರಿಸ್ಥಿತಿಯಲ್ಲಿ ಹಕ್ಕಿ ಚೆನ್ನಾಗಿಯೇ ಬದುಕುತ್ತಿದೆ ಎಂದು ಅವರು ಬರೆದರು. ರಕ್ತಸಂಬಂಧಿಗಳ ನಡುವಿನ ಸಂತಾನದಿಂದ, ಎಂದರೆ ಒಳಸಂಕರಣದಿಂದ, ಭಯಪಡಬೇಕಾಗಿಲ್ಲ ಎಂದು ವಾದಿಸುವವರಿಗೆ ಇದು ಒಳ್ಳೆಯ ಉದಾಹರಣೆಯಾಯಿತು. 2014ರಲ್ಲಿ ಕೆನಡಿ ಮತ್ತು ಸಂಗಡಿಗರು ಅದೇ ವಂಶಾವಳಿಯನ್ನು ಹಿಡಿದು ಬೇರೆ ಪ್ರಶ್ನೆ ಕೇಳಿದರು: ಒಂದೇ ಪ್ರಭೇದದೊಳಗೆ, ಹೆಚ್ಚು ಒಳಸಂಕರಣಗೊಂಡ ಮರಿಗೂ ಕಡಿಮೆ ಒಳಸಂಕರಣಗೊಂಡ ಮರಿಗೂ ಬದುಕುವ ಅವಕಾಶದಲ್ಲಿ ವ್ಯತ್ಯಾಸವಿದೆಯೇ? ಇದೆ, ಅದೂ ತೀವ್ರವಾಗಿ. ಕೆಟ್ಟ ಜೀನುಗಳು ತಾವಾಗಿಯೇ ಸೋಸಿಹೋಗಿವೆ ಎಂಬುದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಎರಡೂ ಅಧ್ಯಯನಗಳು ಒಂದನ್ನೊಂದು ಪೂರ್ತಿ ಸುಳ್ಳು ಮಾಡುವುದಿಲ್ಲ. ಖಾಲಿ ಜಾಗವಿದ್ದ, ಶತ್ರುಗಳಿಲ್ಲದ ದ್ವೀಪದಲ್ಲಿ ಕೆಲವು ಮರಿ ಸತ್ತರೂ ಒಟ್ಟು ಸಂಖ್ಯೆ ಏರಬಹುದು. ಸರಾಸರಿ ಮಾತ್ರ ನೋಡಿದವರಿಗೆ ಸತ್ತ ಮರಿಗಳು ಕಾಣುವುದಿಲ್ಲ.

ಸತ್ತ ಪ್ರಭೇದಗಳೂ ಹಾಗೆಯೇ. ಹವಾಯಿಯ ಮಾವಿ ದ್ವೀಪದಲ್ಲಿ ಪೋ-ಊಲಿ ಎಂಬ ಹಕ್ಕಿ ಮೂರಕ್ಕೆ ಇಳಿದಿತ್ತು. ಮೂರೂ ಬೇರೆ ಬೇರೆ ಕಡೆ ಒಂಟಿಯಾಗಿದ್ದವು. 2002ರಲ್ಲಿ ಒಂದು ಹೆಣ್ಣನ್ನು ಹಿಡಿದು ಇನ್ನೊಂದರ ನೆಲೆಗೆ ಒಯ್ದು ಬಿಟ್ಟರು. ಅದು ತನ್ನ ಹಳೆಯ ಜಾಗಕ್ಕೇ ಮರಳಿತು. 2004ರ ಸೆಪ್ಟೆಂಬರಿನಲ್ಲಿ ಹಿಡಿದ ಒಂದು ಹಕ್ಕಿ ಅದೇ ನವೆಂಬರಿನಲ್ಲಿ ಪಂಜರದಲ್ಲಿ ಸತ್ತಿತು. ಮೂರರಲ್ಲಿ ಸೋತದ್ದು ಅಲ್ಲಿ, ಐದರಲ್ಲಿ ಗೆದ್ದದ್ದು ಇಲ್ಲಿ. ಗೆದ್ದ ಕಥೆಗೆ ಹೇಳುವವರಿದ್ದಾರೆ. ಒಂದು ಜೋಡಿಯಿಂದ ಉಳಿದ ಪ್ರಭೇದವನ್ನು ಮಾತ್ರ ಎಣಿಸಿ, ಒಂದು ಜೋಡಿ ಸಾಕು ಎನ್ನುವುದು, ಪರೀಕ್ಷೆಯಲ್ಲಿ ಪಾಸಾದವರನ್ನು ಮಾತ್ರ ಕೇಳಿ ಪ್ರಶ್ನೆಪತ್ರಿಕೆ ಸುಲಭವಿತ್ತು ಎಂದಂತೆ. ಆ ದಿನ ಶಿಬಿರದಲ್ಲಿ ನಾನು ಕೊಡಬೇಕಾಗಿದ್ದ ಉತ್ತರ ಇದು, ತಡವಾಗಿ ಕೊಡುತ್ತಿದ್ದೇನೆ.

ಇಂದು ಕರಿ ರಾಬಿನ್‌ಗಳ ಸಂಖ್ಯೆ ನೂರರ ಲೆಕ್ಕದಲ್ಲಿದೆ. ಕಳೆದ ದಶಕದ ಎಣಿಕೆಗಳು 250–300ರ ಆಸುಪಾಸು ಹೇಳಿವೆ. ಅವುಗಳಲ್ಲಿ ಹೆಚ್ಚಿನವು ರಂಗಟೀರಾದಲ್ಲಿ, ಉಳಿದವು ಮಾಂಗೆರೆಯಲ್ಲಿ. 2000ದ ದಶಕದ ಆರಂಭದಲ್ಲಿ ಪಿಟ್ ದ್ವೀಪದ ಬೇಲಿ ಹಾಕಿದ ಕಾಡೊಂದಕ್ಕೆ ಕೆಲವನ್ನು ಒಯ್ದು ಮೂರನೆಯ ನೆಲೆ ಕಟ್ಟಲು ಪ್ರಯತ್ನಿಸಲಾಯಿತು. ಅವು ಅಲ್ಲಿ ನೆಲೆನಿಲ್ಲಲಿಲ್ಲ. ಉಳಿದಿರುವ ಎರಡೂ ದ್ವೀಪಗಳಲ್ಲಿ ಇಲಿಗಳಿಲ್ಲ. ಕಾವಲು ಇರುವುದು ಹಕ್ಕಿಗೂಡಿನ ಬಳಿಗಿಂತ ಹೆಚ್ಚಾಗಿ, ದೋಣಿ ಬಂದು ನಿಲ್ಲುವ ಕಡೆ.